ಕಲಿಯದ ವಿದ್ಯೆಯ ಪುಣ್ಯ

ವೈದ್ಯರು ಹೇಗೆ ನಡೆದುಕೊಳ್ಳಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಬರೆದಿಟ್ಟ ನಿಯಮಾವಳಿಯ ಏಳನೆಯ ಅಧ್ಯಾಯದಲ್ಲಿ ಒಂದು ಅಪರೂಪದ ವಾಕ್ಯವಿದೆ. ಸಂತಾನಹರಣ, ಗರ್ಭನಿರೋಧ, ಸುನ್ನತಿ, ಗರ್ಭಪಾತ ಇವುಗಳಿಗೆ ವೈದ್ಯಕೀಯ ಕಾರಣ ಇದ್ದಾಗ ಬರೀ ಧರ್ಮದ ನೆಪ ಹೇಳಿ ವೈದ್ಯರು ಜಾರಿಕೊಳ್ಳುವಂತಿಲ್ಲ ಎಂದು ಅದು ಗದರುತ್ತದೆ. ಗದರಿದ ಉಸಿರಿನಲ್ಲೇ ಒಂದು ಬಾಲವನ್ನೂ ಅಂಟಿಸುತ್ತದೆ: ಆ ಕೆಲಸ ಮಾಡುವಷ್ಟು ಸಾಮರ್ಥ್ಯ ತನಗಿಲ್ಲ ಎಂದು ವೈದ್ಯರಿಗೇ ಅನ್ನಿಸಿದರೆ ಅದು ಬೇರೆ ಮಾತು.

'ನಮ್ಮ ದೇವರು ಒಪ್ಪಲ್ಲ' ಎಂದರೆ ದುರ್ನಡತೆ. 'ನನಗೆ ಬರಲ್ಲ' ಎಂದರೆ ಪ್ರಾಮಾಣಿಕತೆ. ದೇವರಿಗೆ ಕೊಡದ ರಿಯಾಯಿತಿಯನ್ನು ದಡ್ಡತನಕ್ಕೆ ಕೊಟ್ಟ ಇಂಥ ಉದಾರ ನಿಯಮ ಇನ್ನೆಲ್ಲಾದರೂ ಇದೆಯೋ ಇಲ್ಲವೋ, ನಮ್ಮಲ್ಲಂತೂ ಇದೆ. ಹಾಗಾಗಿ ಗರ್ಭಪಾತವೆಂದರೆ ಮೂಗು ಮುರಿಯುವ ಭಾವೀ ವೈದ್ಯರಿಗೆ ದಾರಿ ಸಲೀಸು. ವಾದ ಬೇಡ, ಧರ್ಮಸಂಕಟ ಬೇಡ, ಪತ್ರಿಕೆಗೆ ಪತ್ರ ಬರೆಯುವುದಂತೂ ಬೇಡವೇ ಬೇಡ. ಕಲಿಯದೆ ಇದ್ದರೆ ಸಾಕು.

ಈ ತಪಸ್ಸಿನಲ್ಲಿ ನಮ್ಮ ಹುಡುಗರು ಎಲ್ಲಿಯವರೆಗೆ ಬಂದಿದ್ದಾರೆ ಎನ್ನುವುದಕ್ಕೆ ಪಕ್ಕದ ಮಹಾರಾಷ್ಟ್ರದ ಲೆಕ್ಕ ಇದೆ. ಅಲ್ಲಿನ 27 ಮೆಡಿಕಲ್ ಕಾಲೇಜುಗಳ ಸುಮಾರು ಎರಡು ಸಾವಿರ ಇಂಟರ್ನ್‌ಗಳನ್ನು ವಿಚಾರಿಸಿದ ಸಮೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಗರ್ಭಪಾತ ನೈತಿಕವಾಗಿ ತಪ್ಪು ಎಂದವರು ಹೆಚ್ಚುಕಡಿಮೆ ಕಾಲುಭಾಗ. ಮದುವೆಯಾಗದವಳಿಗೆ ಅದು ಸಲ್ಲದು ಎಂದವರು ಐದರಲ್ಲಿ ಒಬ್ಬರು. ಗಂಡನದೋ ಸಂಗಾತಿಯದೋ ಒಪ್ಪಿಗೆ ಇಲ್ಲದೆ ಹೆಂಗಸಿಗೆ ಗರ್ಭಪಾತ ಮಾಡಿಸಿಕೊಳ್ಳಲು ಬರುವುದಿಲ್ಲ ಎಂದು ನಂಬಿದವರು ಮತ್ತೆ ಕಾಲುಭಾಗ. ಕಾನೂನಿನಲ್ಲಿ ಅಂಥದ್ದೇನೂ ಇಲ್ಲ. ಗರ್ಭಪಾತದ ಚಿಕಿತ್ಸೆಯಲ್ಲಿ ಸ್ವಲ್ಪವಾದರೂ ಕೈಯಾಡಿಸಿದ್ದವರು ನೂರಕ್ಕೆ 13 ಮಂದಿ. ಇಷ್ಟರ ಮೇಲೆ, ಲೈಂಗಿಕ ಮತ್ತು ಸಂತಾನ ಆರೋಗ್ಯದ ಬಗ್ಗೆ ನಿಮ್ಮ ತಿಳಿವಳಿಕೆ ಹೇಗಿದೆ ಎಂದು ಕೇಳಿದರೆ ಬಹುಪಾಲು ಜನ ಕೊಟ್ಟ ಉತ್ತರ: ಚೆನ್ನಾಗಿದೆ.

ಆ ಕೊನೆಯ ಉತ್ತರ ನನಗೆ ಬಹಳ ಹಿಡಿಸಿತು. ಈಜು ಬರುತ್ತದೆಯೇ ಎಂದರೆ ನದಿಯ ಹೆಸರು ಗೊತ್ತು ಎನ್ನುವ ಆತ್ಮವಿಶ್ವಾಸ ಅದು.

ಆದರೆ ತಪ್ಪೆಲ್ಲ ಮಕ್ಕಳದ್ದೇ ಎನ್ನುವುದು ನ್ಯಾಯವಲ್ಲ. ಗರ್ಭಪಾತವನ್ನು ಅವರಿಗೆ ಮೊದಲ ಬಾರಿ ಪರಿಚಯ ಮಾಡಿಸುವುದು ಎಲ್ಲಿ ಅಂತೀರಿ? ಹೆರಿಗೆ ವಾರ್ಡಿನಲ್ಲಲ್ಲ, ವಿಧಿವಿಜ್ಞಾನದ ತರಗತಿಯಲ್ಲಿ. ನೇಣು, ವಿಷಪ್ರಾಶನ, ಶಿಶುಹತ್ಯೆ, ಅವುಗಳ ಪಕ್ಕದಲ್ಲಿ ಕ್ರಿಮಿನಲ್ ಅಬಾರ್ಷನ್. ಆ ವಿಭಾಗದ ಮ್ಯೂಸಿಯಮ್ಮಿನ ಗಾಜಿನ ಬೀರುವಿನಲ್ಲಿ ಗೇಣುದ್ದದ ಒಂದು ಕಡ್ಡಿ ಮಲಗಿರುತ್ತದೆ. ತುದಿಗೆ ಹತ್ತಿ ಸುತ್ತಿರುತ್ತದೆ, ಕೆಳಗೆ ಟೈಪ್ ಮಾಡಿದ ಚೀಟಿ: ಅಬಾರ್ಷನ್ ಸ್ಟಿಕ್. ಎಕ್ಕದ ಹಾಲಲ್ಲೋ ಕರಿಗೇರಿನ ಎಣ್ಣೆಯಲ್ಲೋ ಅದ್ದಿ ಹಳ್ಳಿಗಳಲ್ಲಿ ಇದನ್ನು ಹೇಗೆ ಬಳಸುತ್ತಿದ್ದರು ಎಂದು ಮೇಷ್ಟ್ರು ವರ್ಣಿಸುತ್ತಾರೆ. ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟು ಕೇಳುವ ಕೆಲವೇ ಪಾಠಗಳಲ್ಲಿ ಇದೂ ಒಂದು. ವೈವಾದಲ್ಲಿ ಆ ಕಡ್ಡಿಯನ್ನು ಗುರುತಿಸದೆ ಪಾಸಾದವನನ್ನು ನಾನು ಕಂಡಿಲ್ಲ.

ಗರ್ಭಕೋಶ ಖಾಲಿ ಮಾಡಲು ಕೈಯಲ್ಲೇ ನಡೆಸುವ ಎಂವಿಎ ಸಿರಿಂಜ್ ಎಂಬುದೂ ಒಂದಿದೆ. ಕರೆಂಟು ಬೇಡದ, ತಾಲ್ಲೂಕು ಆಸ್ಪತ್ರೆಗೂ ಒಗ್ಗುವ ಪ್ಲಾಸ್ಟಿಕ್ ಸಾಧನ. ಕೆರೆಯುವ ಹಳೆಯ ಡಿ ಅಂಡ್ ಸಿ ಬಿಟ್ಟು ಇಂಥ ನಿರ್ವಾತ ವಿಧಾನ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿದೆ. ಅದು ಇರುವುದು ಓಟಿ ಒಳಗೆ, ಸಿಸ್ಟರ್ ಕೈಯಲ್ಲಿ ಬೀಗದ ಕೈ ಇರುವ ಕಪಾಟಿನಲ್ಲಿ. ಅದನ್ನು ಹಿಡಿದು ನೋಡದೆಯೂ ಡಿಗ್ರಿ ಬರುತ್ತದೆ. ಕೊಲ್ಲುವ ಕಡ್ಡಿಯ ಮೇಲೆ ಪ್ರಶ್ನೆ ಬೀಳುತ್ತದೆ, ಉಳಿಸುವ ಸಿರಿಂಜಿನ ಮೇಲೆ ಬೀಳುವುದಿಲ್ಲ. ಪರೀಕ್ಷೆಗೆ ಬಾರದ್ದನ್ನು ಓದುವ ಕೆಟ್ಟ ಚಾಳಿ ನಮ್ಮ ವಿದ್ಯಾರ್ಥಿಗಳಿಗೆ ಮೊದಲಿನಿಂದಲೂ ಇಲ್ಲ.

ಸುಧಾರಣೆ ಆಗಿಲ್ಲ ಎನ್ನಬೇಡಿ. 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಎಂಟಿಪಿಗೂ, ಎಂದರೆ ಕಾನೂನುಬದ್ಧ ಗರ್ಭಪಾತಕ್ಕೂ, ಜಾಗ ಸಿಕ್ಕಿದೆ. ಗರ್ಭಪಾತಕ್ಕೆ ಬಂದವಳಿಂದ ಒಪ್ಪಿಗೆ ಪಡೆಯುವುದನ್ನು ವಿದ್ಯಾರ್ಥಿ ಮಾಡಿ ತೋರಿಸಬೇಕು. ಎಲ್ಲಿ? ಕೃತಕ ಸನ್ನಿವೇಶದಲ್ಲಿ. ಅಂದರೆ ನಾಟಕ. ರೋಗಿಯ ಪಾತ್ರಕ್ಕೆ ಅದೇ ಬ್ಯಾಚಿನ ಹುಡುಗಿ, ಏಪ್ರನ್ ತೆಗೆದು ದುಪಟ್ಟಾ ಹೊದ್ದರೆ ವೇಷ ಮುಗಿಯಿತು. ಎದುರಿಗೆ ಡಾಕ್ಟರ್ ಪಾತ್ರಧಾರಿ.

"ನಮಸ್ಕಾರ ಅಮ್ಮ, ನಾನು ಡಾಕ್ಟರ್." (ನಮಸ್ಕಾರಕ್ಕೆ ಅರ್ಧ ಮಾರ್ಕು.)

"ನಮಸ್ಕಾರ ಡಾಕ್ಟ್ರೇ."

"ನಿಮ್ಮ ಯಜಮಾನ್ರು ಬಂದಿದ್ದಾರಾ?"

"ಬಂದಿದ್ದಾರೆ ಡಾಕ್ಟ್ರೇ, ಗಾಡಿ ಪಾರ್ಕ್ ಮಾಡ್ತಿದ್ದಾರೆ."

ಕ್ಲಾಸು ಗೊಳ್ಳೆಂದು ನಗುತ್ತದೆ. ಮೇಡಂ ಕೂಡ ಸಣ್ಣಗೆ ನಗುತ್ತಾರೆ. ಯಾರೂ ತಿದ್ದುವುದಿಲ್ಲ. ಕಲ್ಪನೆಯ ರೋಗಿಗೂ ಒಬ್ಬ ಗಂಡ, ಆ ಗಂಡನಿಗೊಂದು ಗಾಡಿ. ಈ ನಾಟಕದಲ್ಲಿ ಪಿಜಿ ಹಾಸ್ಟೆಲಿನಿಂದ ಒಬ್ಬಳೇ ಆಟೊ ಹಿಡಿದು ಬಂದ ಹುಡುಗಿ ಇರುವುದಿಲ್ಲ. ಮೂರು ಮಕ್ಕಳಾದ ಮೇಲೆ ಗಂಡನಿಗೆ ಹೇಳದೆ, ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದವಳೂ ಇರುವುದಿಲ್ಲ. ಅವರು ಪಠ್ಯಕ್ರಮದ ಹೊರಗಿನವರು. ಐದು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ. ಮುಂದಿನ ಟೇಬಲ್ಲಿನಲ್ಲಿ ಕಾಪರ್-ಟಿ ಗುರುತಿಸಬೇಕು.

ಅದೇ ಮಕ್ಕಳು ಇಂಟರ್ನ್‌ಶಿಪ್ಪಿಗೆ ಬಂದು ಓಪಿಡಿಯಲ್ಲಿ ಕೂರುತ್ತಾರೆ. ಎದುರು ನಿಂತ ಹೆಂಗಸು ನೆಲ ನೋಡುತ್ತಾ, "ಡೇಟ್ ಮುಂದಕ್ಕೆ ಹೋಗಿದೆ, ತೆಗೆಸಬೇಕಿತ್ತು" ಎನ್ನುತ್ತಾಳೆ. ನಾಟಕದಲ್ಲಿ ಕಲಿತ ಸಂಭಾಷಣೆ ತಾನೇ ತಾನಾಗಿ ಹೊರಬರುತ್ತದೆ: ಗಂಡ ಎಲ್ಲಿ? ಗಂಡ ದುಬೈಯಲ್ಲಿದ್ದರೆ ಅತ್ತೆ ಎಲ್ಲಿ? ಮದುವೆ ಆಗಿಲ್ಲದಿದ್ದರೆ ಅಪ್ಪನನ್ನು ಕರೆಸು. ಅವಳ ವಯಸ್ಸು ಇಪ್ಪತ್ತಾರಾದರೂ ಅಪ್ಪ ಬೇಕು. ಫಾರ್ಮ್ ಸಿ ಎಂಬ ಒಪ್ಪಿಗೆ ಪತ್ರ ಒಂದೇ ಹಾಳೆಯದು. ಹದಿನೆಂಟು ತುಂಬಿ ಬುದ್ಧಿ ಸ್ಥಿಮಿತದಲ್ಲಿದ್ದವಳ ಸಹಿ ಒಂದೇ ಅದಕ್ಕೆ ಸಾಕು ಎಂದು ಎಂಟಿಪಿ ಕಾಯ್ದೆ 1971ರಲ್ಲೇ ಹೇಳಿತು. 1972ರ ಏಪ್ರಿಲ್ 1ರಂದು ಅದು ಜಾರಿಗೂ ಬಂತು. ದಿನ ನೋಡಿ ಬಹುಶಃ ಆಸ್ಪತ್ರೆಗಳು ಅದನ್ನು ತಮಾಷೆ ಅಂದುಕೊಂಡವು.

2021ರಲ್ಲಿ ತಿದ್ದುಪಡಿ ಬಂತು. ಗರ್ಭನಿರೋಧ ಕೈಕೊಟ್ಟರೆ ಎಂಬ ಕಡೆ 'ವಿವಾಹಿತ ಸ್ತ್ರೀ ಅಥವಾ ಅವಳ ಗಂಡ' ಹೋಗಿ 'ಯಾವುದೇ ಸ್ತ್ರೀ ಅಥವಾ ಅವಳ ಸಂಗಾತಿ' ಬಂದು ಕೂತರು. ಮರುವರ್ಷ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರ ಪೀಠ, ಅದರಲ್ಲಿ ನಮ್ಮ ಕೊಡಗಿನ ಬೋಪಣ್ಣನವರೂ ಒಬ್ಬರು, ಮದುವೆಯಾಗದವಳಿಗೊಂದು ಆದವಳಿಗೊಂದು ಕಾನೂನು ಇಲ್ಲ ಎಂದಿತು. ಮನೆಯವರ ಒಪ್ಪಿಗೆ, ದಾಖಲೆ, ಕೋರ್ಟಿನ ಆದೇಶ ಎಂದೆಲ್ಲ ಕಾನೂನಿನಲ್ಲಿಲ್ಲದ ಷರತ್ತು ಹಾಕುವುದನ್ನು ವೈದ್ಯರು ಬಿಡಬೇಕು ಎಂದೂ ಬರೆಯಿತು. ದೇಶದ ಅತಿ ದೊಡ್ಡ ಕೋರ್ಟಿನ ಮಾತು ಅದು. ಆದರೆ ಓಪಿಡಿಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟು ಒಂದಿದೆ, ಯೂನಿಟ್ಟಿನ ಸೀನಿಯರ್ ಪಿಜಿ ವಿದ್ಯಾರ್ಥಿ. "ಗಂಡನ ಸೈನ್ ತಗೊಂಬಿಡು ಮಾರಾಯ, ಆಮೇಲೆ ತಲೆನೋವು ಯಾಕೆ?" ಎಂದು ಆತ ಹೇಳಿದ ಮೇಲೆ ಮೇಲ್ಮನವಿ ಇಲ್ಲ.

ಇನ್ನು ಗೌಪ್ಯತೆ. ಗರ್ಭಪಾತದ ರಿಜಿಸ್ಟರು ರಹಸ್ಯ ದಾಖಲೆ, ಬೀಗದೊಳಗಿರಬೇಕು. ಹೆಂಗಸಿನ ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದು ಹೊಸ ತಿದ್ದುಪಡಿ ಹೇಳುತ್ತದೆ. ರಿಜಿಸ್ಟರು ಬೀಗದೊಳಗೇ ಇರುತ್ತದೆ, ಅದರಲ್ಲಿ ಲೋಪವಿಲ್ಲ. ಕಾರಿಡಾರಿನಲ್ಲಿ ಮಾತ್ರ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ ಸೀನಿಯರ್ ಸಿಸ್ಟರ್ ಕಲಿಸಿದಂತೆ ಗಟ್ಟಿಯಾಗಿ ಕೂಗುತ್ತಾಳೆ: "ಎಂಟಿಪಿ ಕೇಸ್ ಯಾರಮ್ಮಾ? ಮದುವೆ ಆಗಿದ್ಯಾ? ಎಷ್ಟನೇದು?" ಬೆಂಚಿನ ಮೇಲಿದ್ದ ನಲವತ್ತು ಜನ ತಿರುಗಿ ನೋಡುತ್ತಾರೆ. ಪಾಪ, ಆ ಹುಡುಗಿಗೆ ಇದು ತಪ್ಪು ಎಂದು ಗೊತ್ತಾಗಲು ಅವಳು ಬೇರೆ ರೀತಿ ಕೇಳಿದವರನ್ನು ಒಮ್ಮೆಯಾದರೂ ನೋಡಿರಬೇಕಲ್ಲ.

ಭಯವೂ ಇದೆ, ಅದನ್ನು ನಗೆಯಾಡಲಾರೆ. ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೂ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎಂಬ ಬೋರ್ಡು ನೇತಾಡುತ್ತದೆ. ನೇತಾಡಲೇಬೇಕು. ಮಂಡ್ಯದಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ 2023ರ ಕೊನೆಗೆ ಬಯಲಾದಾಗ ಅದರಲ್ಲಿ ಡಾಕ್ಟರುಗಳೂ ಇದ್ದರು. ಬೆಲ್ಲ ಬೇಯುವ ಊರಿನಲ್ಲಿ ಅದು ನಡೆದದ್ದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಆದರೆ ಲಿಂಗಪತ್ತೆ ತಡೆಯುವ 1994ರ ಕಾಯ್ದೆ ಬೇರೆ, 1971ರದು ಬೇರೆ ಎಂದು ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾದವರು ಎರಡನ್ನೂ ಒಂದೇ ಗಂಟೆಯಲ್ಲಿ, ಒಂದೇ ಸ್ಲೈಡಿನಲ್ಲಿ ಮುಗಿಸುತ್ತಾರೆ. ಜೊತೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ. ಹದಿನೇಳರ ಹುಡುಗಿ ಬಂದರೆ ಪೊಲೀಸರಿಗೆ ತಿಳಿಸಬೇಕು. ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಹೆಸರು ಬಿಟ್ಟು ತಿಳಿಸಬಹುದು ಎಂದು 2022ರ ಅದೇ ತೀರ್ಪು ಹೇಳಿದ್ದು ಯಾರ ನೋಟ್ಸಿನಲ್ಲೂ ಇಲ್ಲ. ಹೀಗೆ ಹುಡುಗನ ತಲೆಯಲ್ಲಿ ಗರ್ಭಪಾತ ಎಂದರೆ ಪೊಲೀಸು, ಟಿವಿ ಕ್ಯಾಮೆರಾ, ಸೀಲ್ ಮಾಡಿದ ಬಾಗಿಲು. 'ಇಲ್ಲಿ ಕಾನೂನುಬದ್ಧ ಗರ್ಭಪಾತದ ಸೇವೆ ಲಭ್ಯ' ಎಂಬ ಬೋರ್ಡನ್ನು ಅವನು ಕಂಡೇ ಇಲ್ಲ. ಕಂಡಿದ್ದರೂ ಅದರ ಮುಂದೆ ನಿಂತು ಓದುವ ಧೈರ್ಯ ಊರಲ್ಲಿ ಯಾರಿಗಿದೆ?

ಭಯಕ್ಕೆ ಮದ್ದು ಇದೆ. ನನ್ನ ತಕರಾರು ಭಯದ ಮೇಲೆ ಆತ್ಮಸಾಕ್ಷಿಯ ಶಾಲು ಹೊದಿಸಿ ಸನ್ಮಾನ ಮಾಡುವುದರ ಬಗ್ಗೆ. ನಮ್ಮ ಕಾಯ್ದೆಯಲ್ಲಿ ಆತ್ಮಸಾಕ್ಷಿಯ ಹೆಸರಿನಲ್ಲಿ ಹಿಂದೆ ಸರಿಯಲು ಕಲಮೇ ಇಲ್ಲ. ಕಲಮು ಇಲ್ಲದಿದ್ದರೇನು, ಸಾಕ್ಷಿ ತಾನೇ ಡ್ಯೂಟಿ ಲಿಸ್ಟ್ ಹಾಕಿಕೊಂಡಿದೆ. ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಸರ್ಕಾರಿ ಓಪಿಡಿಯಲ್ಲಿ ಅದು ಬಹಳ ಚುರುಕು. ಸಂಜೆ ಆರರ ಮೇಲೆ, ಮಾರ್ಕೆಟ್ ರಸ್ತೆಯ ಮೊದಲನೇ ಮಹಡಿಯ ನರ್ಸಿಂಗ್ ಹೋಮಿನಲ್ಲಿ ಅದಕ್ಕೆ ವೀಕ್ಲಿ ಆಫ್. ಅಲ್ಲಿ ಗಂಡನ ಸಹಿ ಯಾರೂ ಕೇಳುವುದಿಲ್ಲ, ಎಷ್ಟನೇದು ಎಂದು ಯಾರೂ ಕೂಗುವುದಿಲ್ಲ. ಕೌಂಟರಿನಲ್ಲಿ ಎಷ್ಟು ಎಂದಷ್ಟೇ ಹೇಳುತ್ತಾರೆ. ಬೆಳಗ್ಗೆ ಪಾಪ ಎಂದು ವಾಪಸ್ ಕಳಿಸಿದ್ದೇ ಸಂಜೆ ಪ್ಯಾಕೇಜ್ ಆಗುತ್ತದೆ. ಇದನ್ನು ನೋಡುತ್ತ ಬೆಳೆದ ವಿದ್ಯಾರ್ಥಿ ದಡ್ಡನಲ್ಲ. ಯಾವುದನ್ನು ಎಲ್ಲಿ ಕಲಿಯಬೇಕು, ಎಷ್ಟು ಹೊತ್ತಿಗೆ ಕಲಿಯಬೇಕು ಎಂಬುದು ಅವನಿಗೆ ಗೊತ್ತಾಗುತ್ತದೆ.

ಆತ್ಮಸಾಕ್ಷಿಯ ಮಾತು ಬಂದಾಗಲೆಲ್ಲ ನಾವು ಐರ್ಲೆಂಡಿನ ಕಡೆ ಬೆರಳು ತೋರಿಸುತ್ತೇವೆ. ನಮಗೆ ಹಕ್ಕೂ ಇದೆ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು 31, ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಿದ್ದೂ, ಭ್ರೂಣದ ಎದೆಬಡಿತ ಇರುವ ತನಕ ಮುಟ್ಟುವಂತಿಲ್ಲ ಎಂದು ಕಾದರು, ನಂಜು ಕಾಯಲಿಲ್ಲ. ಆಗ ನಮ್ಮೂರುಗಳಲ್ಲಿ ಮೇಣದಬತ್ತಿ ಹಚ್ಚಿದೆವು. ಎಂಥಾ ಹಿಂದುಳಿದ ದೇಶ, ನಮ್ಮಲ್ಲಾದರೆ ನಲವತ್ತು ವರ್ಷದಿಂದ ಕಾನೂನಿದೆ ಎಂದು ಎದೆ ತಟ್ಟಿಕೊಂಡೆವು. ಆ ಹಿಂದುಳಿದ ದೇಶ 2018ರ ಮೇ 25ರಂದು ಜನಮತ ಪಡೆದು, ನೂರಕ್ಕೆ 66ರಷ್ಟು ಮತದಿಂದ ಸಂವಿಧಾನವನ್ನೇ ತಿದ್ದಿತು. ಮರುವರ್ಷದ ಮೊದಲ ದಿನದಿಂದ ಸೇವೆ ಶುರುವಾಯಿತು. ಅಲ್ಲಿನ ಕಾಯ್ದೆಯಲ್ಲಿ ಆತ್ಮಸಾಕ್ಷಿಗೂ ಜಾಗವಿದೆ: ನಿನಗೆ ಮನಸ್ಸಿಲ್ಲವೇ, ಮಾಡಬೇಡ, ಆದರೆ ಆ ಹೆಂಗಸನ್ನು ಮಾಡುವವರ ಹತ್ತಿರ ತಲುಪಿಸುವ ಏರ್ಪಾಡು ನೀನೇ ಮಾಡು. ಸಾಕ್ಷಿ ಇರುವವನಿಗೂ ಒಂದು ಕೆಲಸ ಹಚ್ಚಿದ್ದಾರೆ! ನಮ್ಮಲ್ಲಿ ಸಾಕ್ಷಿ ಇದ್ದವನಿಗೆ ಕೆಲಸ ಕಡಿಮೆ, ಅದಕ್ಕೇ ಅದು ಇಷ್ಟು ಜನಪ್ರಿಯ.

ಹಾಗಾದರೆ ವಾಪಸ್ ಕಳಿಸಿದವರೆಲ್ಲ ಎಲ್ಲಿಗೆ ಹೋಗುತ್ತಾರೆ? 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಆಸ್ಪತ್ರೆ ಕಂಡದ್ದು ನೂರಕ್ಕೆ 22. ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ದೇಶದ ಅತಿ ದೊಡ್ಡ ಪ್ರಸೂತಿ ವಿಭಾಗದ ಮುಖ್ಯಸ್ಥ ಯಾರು ಅಂತ ಈಗ ತಿಳಿಯಿತಲ್ಲ: ಬಸ್‌ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪಿನಲ್ಲಿ ಸಂಜೆ ಪಾಳಿಗೆ ನಿಲ್ಲುವ, ಡಿ ಫಾರ್ಮಾ ಎರಡನೇ ವರ್ಷದ ಹುಡುಗ. ಅವನಿಗೆ ಫಾರ್ಮ್ ಇಲ್ಲ, ರಿಜಿಸ್ಟರ್ ಇಲ್ಲ. "ಅಣ್ಣ, ಕಿಟ್ ಇದೆಯಾ?" ಎಂದರೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. "ಇವತ್ತೊಂದು, ನಾಡಿದ್ದು ನಾಲ್ಕು." ಎಷ್ಟು ವಾರವಾಗಿದೆ, ಗರ್ಭ ನಳಿಕೆಯಲ್ಲಿ ನಿಂತಿದೆಯೇ, ರಕ್ತ ಎಷ್ಟು ಹೋದರೆ ಹೆಚ್ಚು ಎಂಬುದೆಲ್ಲ ಅವನ ಸಿಲಬಸ್ಸಿನಲ್ಲಿ ಇಲ್ಲ. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. 2002ರಿಂದ ಇಲ್ಲಿ ಒಪ್ಪಿಗೆ ಪಡೆದ ಔಷಧ ಅದು. ಸರಿಯಾದ ಮಾಹಿತಿ, ಬೇಕೆಂದಾಗ ವೈದ್ಯರ ನೆರವು ಇದ್ದರೆ ಮೊದಲ ವಾರಗಳಲ್ಲಿ ಮನೆಯಲ್ಲೇ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆ ಎರಡು 'ಇದ್ದರೆ'ಗಳನ್ನು ಒದಗಿಸಬೇಕಾದವರು ಐದೂವರೆ ವರ್ಷ ಎಂಬಿಬಿಎಸ್ ಓದಿದವರು, ಅಷ್ಟೆ.

ಈಗ 'ನನಗೆ ಬರಲ್ಲ' ಎಂಬ ಆ ಪವಿತ್ರ ವಾಕ್ಯಕ್ಕೆ ಬರೋಣ. ಸ್ತ್ರೀರೋಗದ ಪಿಜಿ ಮಾಡದ ಎಂಬಿಬಿಎಸ್ ಪದವೀಧರರೂ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ 25 ಗರ್ಭಪಾತಗಳಿಗೆ ಕೈಜೋಡಿಸಿ, ಅವುಗಳಲ್ಲಿ 5ನ್ನಾದರೂ ತಾವೇ ಮಾಡಿದ್ದರೆ, 12 ವಾರದವರೆಗೆ ಮಾಡಲು ಅರ್ಹರು ಎನ್ನುತ್ತವೆ ನಿಯಮಗಳು. ರಾಕೆಟ್ ವಿಜ್ಞಾನವೇನಲ್ಲ. ಇನ್ನೂ ಮಜಾ ಎಂದರೆ, ಅರ್ಧ ಗರ್ಭಪಾತವಾಗಿ ರಕ್ತ ಸುರಿಯುತ್ತಾ ಬಂದವಳ ಗರ್ಭಕೋಶ ಖಾಲಿ ಮಾಡುವುದಕ್ಕೂ, ಇನ್ನೂ ಏನೂ ಆಗದೆ ಬಂದವಳ ಗರ್ಭಕೋಶ ಖಾಲಿ ಮಾಡುವುದಕ್ಕೂ ಸಾಧನ ಅದೇ, ಅಂಗ ಅದೇ, ಕೈಚಳಕವೂ ಹೆಚ್ಚುಕಡಿಮೆ ಅದೇ. ಮೊದಲನೆಯದನ್ನು ಮಾಡಿದರೆ ಜೀವ ಉಳಿಸಿದ ಡಾಕ್ಟರು. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಳ್ಳಬಹುದು. ಎರಡನೆಯದು ಮಾತ್ರ ಬರುವುದಿಲ್ಲ. ಬಲಗೈ ಮಾಡಿದ ಪುಣ್ಯದ ಕೆಲಸ ಅದೇ ಬಲಗೈಗೆ ಗೊತ್ತಿಲ್ಲ ಎನ್ನುವ ಇಂಥ ವಿಸ್ಮೃತಿಗೆ ನರರೋಗ ವಿಭಾಗದವರೇ ಹೆಸರಿಡಬೇಕು.

ಮೊನ್ನೆಯ ಎಂಟಿಪಿ ಕೇಸು ಹೀಗೆ ನಾಲ್ಕು ದಿನ ಕಳೆದು ಇನ್‌ಕಂಪ್ಲೀಟ್ ಅಬಾರ್ಷನ್ ಆಗಿ ಪ್ರಮೋಷನ್ ಪಡೆದು ಮರಳಿ ಬರುತ್ತದೆ. ರಾತ್ರಿ ಎರಡು ಗಂಟೆಯ ಕ್ಯಾಶುವಾಲ್ಟಿ ಎಂದಿಟ್ಟುಕೊಳ್ಳಿ. ಸೀರೆಯೆಲ್ಲ ರಕ್ತ, ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ. ಇಂಟರ್ನ್ ಓಡಾಡಿ ಎರಡು ಬಾಟಲ್ ರಕ್ತ ಹೊಂದಿಸುತ್ತಾನೆ, ಪಿಜಿಯನ್ನು ಎಬ್ಬಿಸುತ್ತಾನೆ, ಓಟಿಯಲ್ಲಿ ಪಕ್ಕದಲ್ಲೇ ನಿಂತು ಸಿರಿಂಜ್ ಹಿಡಿಯುತ್ತಾನೆ. ಚೆನ್ನಾಗಿಯೇ ಹಿಡಿಯುತ್ತಾನೆ. ಹೊರಬಂದು ಲಾಗ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಾನೆ. ಬೆಳಗಿನ ಜಾವ ಅವಳಿಗೆ ಎಚ್ಚರವಾದಾಗ ಕೇಸ್‌ಶೀಟ್ ಹಿಡಿದು ಮಂಚದ ಹತ್ತಿರ ಬಂದು, ನಿಜವಾದ ಕಳಕಳಿಯಿಂದಲೇ, ಗದರುತ್ತಾನೆ.

"ಏನಮ್ಮ ನೀನು, ಅಂಗಡಿ ಮಾತ್ರೆ ನುಂಗಿದ್ಯಲ್ಲ, ಜೀವ ಹೋಗಿದ್ರೆ? ಮೊದಲೇ ಆಸ್ಪತ್ರೆಗೆ ಬರೋಕಾಗ್ತಿರ್ಲಿಲ್ವಾ?"

"ಬಂದಿದ್ದೆ ಸಾರ್, ಸೋಮವಾರ. ನೀವೇ ಇದ್ರಿ."

ಅವನು ಕೇಸ್‌ಶೀಟಿನ ಹಾಳೆ ಮಗುಚಿದ.

"ಸರಿ ಸರಿ. ಯಜಮಾನ್ರು ಬಂದಿದ್ದಾರಾ? ಡಿಸ್ಚಾರ್ಜಿಗೆ ಒಂದು ಸೈನ್ ಬೇಕು."